ಮಣ್ಣಾಗದ ಜೆರ್ಸಿ

ಮಂಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಆದಿತ್ಯವಾರ ಸಂಜೆ ಮಗನೂ ಗೆಳೆಯರೂ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಚರ್ಚೆಗೆ ಕೂರುತ್ತಾರೆ. ಚಾ ಕೊಡಲು ಹೋದವಳು ನಾನೂ ಕೇಳುತ್ತ ನಿಲ್ಲುತ್ತೇನೆ.

ಗೋಲು ಹೊಡೆಯುವವನ ಮೇಲೆ ಎಲ್ಲರಿಗೂ ಮೋಹ. ಹಿಂದೆ ನಿಂತು ಕಾಯುವವನಿಗೆ ದುಡ್ಡು ಸುರಿಯುವುದು ದಂಡವಂತೆ! 2019ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಗೋವಾ ತಂಡದೆದುರು, ಹೆಚ್ಚುವರಿ ಸಮಯದಲ್ಲಿ, ತಲೆಯಿಂದ ಏಕೈಕ ಗೋಲು ಹೊಡೆದು ಕಪ್ ತಂದವರು ಯಾರು? ರಕ್ಷಣಾ ಆಟಗಾರ ರಾಹುಲ್ ಭೆಕೆ.

ನನಗೆ ಹಿಡಿಸದ ಇನ್ನೊಂದು ಮಾತು: “ಎಳೆಯ ಆಟಗಾರರನ್ನು ಬೇರೆ ತಂಡಕ್ಕೆ ಎರವಲು ಕೊಡಬಾರದು, ನಮ್ಮ ಬೆಂಚು ಬರಿದಾಗುತ್ತದೆ.” ಕಪಾಟಿನ ಪಾತ್ರೆ ಎಣಿಸಿ ಅಡುಗೆ ರುಚಿಯಾಗಿದೆ ಎಂದ ಹಾಗಾಯಿತು! ಎರವಲು ಹೋದವನು ಕೈಬಿಟ್ಟು ಹೋದವನಲ್ಲ. ಮೂಲ ತಂಡದವನಾಗಿಯೇ ಉಳಿದು, ಒಂದು ಋತು ಬೇರೆಡೆ ಆಡಿ ಪಳಗಿ ಬರುತ್ತಾನೆ. ಕುಳಿತವನು ಪಳಗುವುದು ಹೇಗೆ?

ನನಗಿದು ಹೊಳೆದದ್ದು ಬಟ್ಟೆ ಒಗೆಯುವಾಗ. ಮಗ ಕಾಲೇಜು ತಂಡದಲ್ಲಿದ್ದ ವರ್ಷ, ಪಂದ್ಯ ಮುಗಿದು ನೆಹರೂ ಮೈದಾನದಿಂದ ಬಂದಾಗಲೆಲ್ಲ ಅವನ ಜೆರ್ಸಿಗೆ ಒಂದು ಚೂರೂ ಮಣ್ಣಾಗಿರುತ್ತಿರಲಿಲ್ಲ. ಮಾತಾಡದೆ ಮಡಚಿಡುತ್ತಿದ್ದೆ. ಎಲ್ಲಾದರೂ ಸರಿ, ಆಡಲಿ ಎನಿಸುತ್ತಿತ್ತು.

ಈಗ ಬೆಂಚು ತುಂಬಿರಬೇಕು ಎಂದು ಎಲ್ಲರಿಗಿಂತ ಜೋರಾಗಿ ವಾದಿಸುವವನು ಅವನೇ.