ಕುರಿಯ ರಕ್ತದಲ್ಲಿ ಕಂಡ ಕಿರುಚೀಲ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಕುರಿಯೆಂದರೆ ಉಣ್ಣೆ, ಕಂಬಳಿ, ಬದುಕು. ಜೀವವಿಜ್ಞಾನಕ್ಕೂ ಕುರಿಯ ಋಣ ದೊಡ್ಡದು.

1983ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ರೋಸ್ ಜಾನ್‌ಸ್ಟೋನ್ ತಂಡ ಕುರಿಯ ಎಳೆಯ ಕೆಂಪು ರಕ್ತಕಣಗಳನ್ನು ಪರೀಕ್ಷಿಸುತ್ತಿತ್ತು. ಬಲಿಯುವಾಗ ಅವು, ಕಬ್ಬಿಣ ಒಳಗೆಳೆಯಲು ನೆರವಾಗುವ ಪ್ರೋಟೀನನ್ನು ಪುಟ್ಟ ಪೊರೆಚೀಲಗಳಲ್ಲಿ ಕಟ್ಟಿ ಹೊರಹಾಕುತ್ತಿದ್ದವು. ಅದೇ ವರ್ಷ ಅಮೆರಿಕದ ತಂಡವೊಂದು ಇಲಿಯಲ್ಲೂ ಇದನ್ನೇ ಕಂಡಿತು. ಇವೇ ಎಕ್ಸೋಸೋಮ್‌ಗಳು, ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್.

ಮೊದಲಿಗೆ ಇವನ್ನು ಕೋಶದ ಕಸವೆಂದೇ ಬಗೆದರು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಇವುಗಳೊಳಗೆ ಆರ್‌ಎನ್‌ಎ ಇರುವುದನ್ನೂ ಅದು ಇನ್ನೊಂದು ಕೋಶ ಸೇರಿ ಕೆಲಸ ಮಾಡುವುದನ್ನೂ ತೋರಿಸಿದರು. ಕಸವೆಂದದ್ದು ಓಲೆಯಾಗಿತ್ತು! ಕಳಿಸಿದ ಕೋಶದ ಗುರುತು ಹೊತ್ತು ರಕ್ತ, ಮೂತ್ರ, ಎದೆಹಾಲು, ಜೊಲ್ಲಿನಲ್ಲಿ ಸಾಗುವ ಈ ಸೂಕ್ಷ್ಮ ಕುಸುರಿಗೆ ಬೆರಗಾಗದಿರುವುದು ಹೇಗೆ?

ವೈದ್ಯಕ್ಕೂ ಇದು ಹೊಸ ದಾರಿ. ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವನ್ನು ಮೂತ್ರದ ಎಕ್ಸೋಸೋಮ್‌ಗಳಿಂದ ಅಂದಾಜಿಸುವ ಪರೀಕ್ಷೆ ಅಮೆರಿಕದಲ್ಲಿ ಬಳಕೆಯಲ್ಲಿದೆ. ಔಷಧವನ್ನು ಬೇಕಾದ ಕೋಶಕ್ಕೆ ತಲುಪಿಸಲು ಇವನ್ನು ಬಳಸುವ ಪ್ರಯೋಗಗಳು ನಡೆದಿವೆ. ಆದರೆ ಮುಖಕಾಂತಿ, ಕೂದಲಿನ ಹೆಸರಲ್ಲಿ ಮಾರುವ ಎಕ್ಸೋಸೋಮ್ ಚುಚ್ಚುಮದ್ದುಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರೇ ಎಚ್ಚರಿಸಿದ್ದಾರೆ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರು ತರಬೇತಿ ಪಡೆಯುತ್ತಾರೆ. ಅವರು ಈ ಕಥೆಯನ್ನು ಕುರಿಗಾಹಿಗಳ ಮಕ್ಕಳಿಗೆ ಕನ್ನಡದಲ್ಲೇ ಹೇಳಲಿ.