ಲೋಹದ ಕೆನೆ: ಒಂದು ಪರಿಭಾಷಾವಿಮರ್ಶೆ

ಲೋಹದ ಆಕ್ಸೈಡುಗಳನ್ನು ಕೆಲವೇ ಪರಮಾಣುಗಳ ದಪ್ಪಕ್ಕೆ ಇಳಿಸಿ ವಿದ್ಯುನ್ಮಾನ ಸಾಧನಗಳಲ್ಲಿ ಬಳಸುವ ವಿದ್ಯೆಯನ್ನು ಕನ್ನಡದಲ್ಲಿ ವಿವರಿಸುವಾಗ ‘ಪದರ’ವೆಂಬ ಒಂದೇ ಮಾತಿನಿಂದ ಕೆಲಸ ಸಾಗಿಸುವುದುಂಟು. ಈ ಮಾತು ಎಲ್ಲೆಡೆಯೂ ಸಲ್ಲುವುದೇ ಎಂಬುದು ವಿಚಾರಾರ್ಹವಾದುದು.

ಪದರವೆಂದರೆ ಒಂದರಮೇಲೊಂದು ಕುಳಿತು, ಬಿಡಿಸಿದರೆ ಬಿಡತಕ್ಕದ್ದು. ಕಾಗೆಬಂಗಾರವೂ ಗ್ರಾಫೈಟೂ ಅಂತಹವು. 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಎಂಬವರು ಗ್ರಾಫೈಟಿನಿಂದ ಗ್ರಾಫೀನನ್ನು ಅಂಟುಪಟ್ಟಿಯಿಂದಲೇ ಬಿಡಿಸಿದರು. ಆಕ್ಸೈಡುಗಳಲ್ಲಿ ಮಾಲಿಬ್ಡಿನಮ್ಮಿನ ಟ್ರೈಆಕ್ಸೈಡು ಈ ಜಾತಿಗೆ ಸೇರಿದುದು. ಹಾಫ್ನಿಯಮ್ ಆಕ್ಸೈಡು ಹಾಗಲ್ಲ. ಅದರ ಬಂಧಗಳು ಮೂರು ದಿಕ್ಕುಗಳಲ್ಲಿಯೂ ಬಿಗಿದಿರುವುದರಿಂದ ಬಿಡಿಸುವುದಕ್ಕೆ ಅಲ್ಲಿ ಪದರವೇ ಇಲ್ಲ. ಆದರೂ ಸಾಧನಗಳಿಗೆ ಬೇಕಾದುದು ಅದೇ. ಟ್ರಾನ್ಸಿಸ್ಟರಿನ ನಿರೋಧಕವಾದ ಸಿಲಿಕಾವನ್ನು ಸುಮಾರು ಒಂದು ನ್ಯಾನೊಮೀಟರಿಗೆ ಇಳಿಸಿದರೆ ವಿದ್ಯುತ್ತು ಸೋರುವುದು. ಆ ಕಾರಣದಿಂದ 2007ರಲ್ಲಿ ಇಂಟೆಲ್ ಸಂಸ್ಥೆಯು ಹಾಫ್ನಿಯಮ್ಮಿನ ಆಕ್ಸೈಡನ್ನು ಆಶ್ರಯಿಸಿತು.

ಪದರವಿಲ್ಲದ ಇಂತಹ ವಸ್ತುವನ್ನು ತೆಳುವಾಗಿ ಪಡೆಯುವ ಉಪಾಯವೊಂದು 2017ರಲ್ಲಿ ಮೆಲ್ಬೋರ್ನಿನಿಂದ ಪ್ರಕಟವಾಯಿತು. ಕೊಠಡಿಯ ಉಷ್ಣತೆಯಲ್ಲಿಯೇ ದ್ರವವಾಗಿರುವ ಗ್ಯಾಲಿಯಮ್ ಮಿಶ್ರಲೋಹದಲ್ಲಿ ಅಲ್ಪ ಹಾಫ್ನಿಯಮ್ಮನ್ನು ಕರಗಿಸುವರು. ಆಮ್ಲಜನಕದಲ್ಲಿ ಇದಕ್ಕೆ ಗ್ಯಾಲಿಯಮ್ಮಿಗಿಂತ ಹೆಚ್ಚಿನ ಒಲವಿರುವುದರಿಂದ, ಮೇಲ್ಮೈಯಲ್ಲಿ ಇದರ ಆಕ್ಸೈಡೇ ಕಟ್ಟುವುದು. ಫಲಕವೊಂದನ್ನು ಮುಟ್ಟಿಸಿ ಎತ್ತಿದರೆ ಅದು ಅಂಟಿಕೊಂಡು ಬರುವುದು. ಇದನ್ನು ಪದರ ಬಿಡಿಸುವುದೆನ್ನಲಾಗದು, ಕೆನೆ ತೆಗೆಯುವುದೆನ್ನಬೇಕು. ಹಾಲಿನ ಕೆನೆ ಒಳಗಿನಿಂದ ಮೇಲೇಳುವುದು, ಈ ಕೆನೆ ಗಾಳಿಯೊಡನೆ ಕೂಡಿ ಹುಟ್ಟುವುದು ಎಂಬ ಭೇದವನ್ನು ಮಾತ್ರ ಅಧ್ಯಾಪಕರು ತಿಳಿಸಿಕೊಡತಕ್ಕದ್ದು.

ಇದಕ್ಕೊಂದು ಆಕ್ಷೇಪವುಂಟು. ಬೇಡಕಿಹಾಳದಂತಹ ಗಡಿಯ ಊರುಗಳಲ್ಲಿ ಕನ್ನಡದ ಜೊತೆಗೆ ಮರಾಠಿಯೂ ನಡೆಯುತ್ತದೆ. ಸಂಸ್ಕೃತದ ಪದವಾದರೆ ಎರಡು ಭಾಷೆಗಳ ವಿದ್ಯಾರ್ಥಿಗಳಿಗೂ ಸಲ್ಲುವುದು ಎನ್ನಬಹುದು. ವಸ್ತುಗಳ ಹೆಸರಿನ ಮಟ್ಟಿಗೆ ಈ ವಾದವು ಒಪ್ಪತಕ್ಕದ್ದೇ. ಆದರೆ ಮೇಲೆ ಬಂದ ‘ಆಮ್ಲಜನಕ’ವನ್ನೇ ನೋಡಿರಿ. ಆಮ್ಲಗಳಿಗೆಲ್ಲ ಆ ಅನಿಲವೇ ಮೂಲವೆಂಬ ಲವಾಸಿಯೇನ ಅಭಿಪ್ರಾಯವು ಆ ಪದದಲ್ಲಿ ನಿಂತಿದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದರ ಲೇಶವೂ ಇಲ್ಲವೆಂದು ತಿಳಿದಮೇಲೂ ಪದವು ಉಳಿಯಿತು. ಹೆಸರಿನಲ್ಲಿ ಸೇರಿದ ತಪ್ಪನ್ನು ರೂಢಿ ಕಾಯುತ್ತದೆ. ಕ್ರಿಯೆಯನ್ನು ಹೇಳುವ ಮಾತಿನಲ್ಲಿ ಸೇರಿದ ತಪ್ಪಾದರೋ ವಿದ್ಯಾರ್ಥಿಯ ತಿಳಿವಳಿಕೆಯನ್ನೇ ಕೆಡಿಸುತ್ತದೆ.

ಸಿ. ಎನ್. ಆರ್. ರಾಯರಂತಹವರು ಲೋಹದ ಆಕ್ಸೈಡುಗಳ ಸಂಶೋಧನೆಯನ್ನು ಬೆಂಗಳೂರಿನಲ್ಲಿ ಬೆಳೆಸಿದ ನಾಡು ನಮ್ಮದು. ಆ ವಿದ್ಯೆಯು ಕನ್ನಡಕ್ಕೆ ಬರುವಾಗ ಬಿಡಿಸಿದುದಕ್ಕೆ ಪದರವೆಂದೂ ಕಟ್ಟಿದುದಕ್ಕೆ ಕೆನೆಯೆಂದೂ ಬೇರ್ಪಡಿಸಿ ಬರೆಯುವುದು ಯುಕ್ತವು.