ವೋಚರ್ ಇಲ್ಲದ ಪಾತ್ರಗಳು

ಅಮೆರಿಕದ ಎಮ್ಮಿ ಪ್ರಶಸ್ತಿಗಳಲ್ಲಿ ಟಿವಿ ಚಿತ್ರ ಮತ್ತು ಕಿರುಸರಣಿಗಳ ನಾಯಕಿಯರಿಗೆಂದೇ ಒಂದು ವಿಭಾಗವಿದೆ. ವೃತ್ತಿಯಿಂದ ನಾನು ಲೆಕ್ಕಿಗ. ಪಟ್ಟಿ ಕಂಡರೆ ಎಣಿಸದೆ ಬಿಡುವವನಲ್ಲ. 2006ರಿಂದ 2012ರವರೆಗಿನ ಏಳು ಗೆಲುವುಗಳನ್ನು ನೋಡಿ. ಹೆಲೆನ್ ಮಿರೆನ್ ಒಂದನೆಯ ಎಲಿಜಬೆತ್ ರಾಣಿಯಾಗಿ, ಲಾರಾ ಲಿನ್ನಿ ಅಬಿಗೇಲ್ ಆಡಮ್ಸ್ ಆಗಿ, ಜೆಸಿಕಾ ಲ್ಯಾಂಗ್ 'ಗ್ರೇ ಗಾರ್ಡನ್ಸ್'ನ ಈಡಿತ್ ಬೀಲ್ ಆಗಿ, ಕ್ಲೇರ್ ಡೇನ್ಸ್ ಟೆಂಪಲ್ ಗ್ರ್ಯಾಂಡಿನ್ ಆಗಿ, ಜೂಲಿಯಾನ್ ಮೂರ್ ಸಾರಾ ಪೇಲಿನ್ ಆಗಿ ಗೆದ್ದರು. ಏಳರಲ್ಲಿ ಐದು ಇತಿಹಾಸದಲ್ಲೋ ಪತ್ರಿಕೆಯಲ್ಲೋ ಇದ್ದ ಹೆಂಗಸರು! ಆಮೇಲೆಯೂ 2016, 2019, 2022ರಲ್ಲಿ ಅದೇ ಕಥೆ.

ಇದು ಆಕಸ್ಮಿಕವಲ್ಲ ಎಂದು ನನ್ನ ಗುಮಾನಿ. ಆಡಿಟ್‌ನಲ್ಲಿ ನಾವು ಮಾಡುವುದೂ ಇದನ್ನೇ: ಪುಸ್ತಕದಲ್ಲಿರುವುದನ್ನು ವೋಚರ್ ಜೊತೆ ತಾಳೆ ನೋಡುವುದು. ಪೇಲಿನ್ ಅವರ ಉಚ್ಚಾರ, ಕನ್ನಡಕ, ತುರುಬು ಎಲ್ಲರಿಗೂ ಗೊತ್ತು. ತಾಳೆಯಾದರೆ ಟಿಕ್ ಹಾಕಬಹುದು. ಆದರೆ ತಾಳೆಯಾದ ಲೆಕ್ಕವೆಲ್ಲ ಒಳ್ಳೆಯ ವ್ಯಾಪಾರವೇನಲ್ಲ.

ಇದರೊಳಗೇ ಒಂದು ಅಪವಾದ 2022ರ ವಿಜೇತೆ, 'ದ ಡ್ರಾಪ್‌ಔಟ್'ನ ಅಮಾಂಡಾ ಸೈಫ್ರಿಡ್. ಒಂದು ಕಾಲಕ್ಕೆ 900 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಥೆರನೋಸ್ ಕಂಪನಿಯ ಎಲಿಜಬೆತ್ ಹೋಮ್ಸ್ ಪಾತ್ರ. ಹೋಮ್ಸ್‌ಳ ದಪ್ಪ ದನಿಯನ್ನು ಸೈಫ್ರಿಡ್ ಮೊದಲಿಗೇ ತಂದಿಡುವುದಿಲ್ಲ; ಕನ್ನಡಿಯೆದುರು ನಿಂತು ಆ ದನಿಯನ್ನು ಅಭ್ಯಾಸ ಮಾಡುವ ಹುಡುಗಿಯನ್ನು ತೋರಿಸುತ್ತಾರೆ. ನಕಲು ಮಾಡುತ್ತಿರುವುದು ನಟಿಯಲ್ಲ, ಪಾತ್ರ. ಸುಳ್ಳು ಲೆಕ್ಕ ಬರೆಯುವವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೊದಲು ನಂಬಿಸಿಕೊಳ್ಳುವುದು ತಮ್ಮನ್ನೇ. ಅದು ಇಲ್ಲಿ ಅಚ್ಚುಕಟ್ಟಾಗಿ ಬಂದಿದೆ.

ಆದರೂ ನನ್ನ ಮತ 2021ಕ್ಕೇ. 'ಮೇರ್ ಆಫ್ ಈಸ್ಟ್‌ಟೌನ್'ನಲ್ಲಿ ಕೇಟ್ ವಿನ್‌ಸ್ಲೆಟ್. ನಾನಿರುವ ನ್ಯೂಜೆರ್ಸಿಯಿಂದ ನದಿ ದಾಟಿದರೆ ಆ ಸೀಮೆ; ಅಲ್ಲಿ 'ವಾಟರ್' ಎಂಬುದು 'ವುಡರ್' ಆಗುತ್ತದೆ. ಇಂಗ್ಲೆಂಡಿನ ಈಕೆ ಅದನ್ನು ಕಲಿತದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅದೂ ತಾಳೆ ನೋಡುವ ಚಟವೇ ಅನ್ನಿ. ನನಗೆ ಹಿಡಿಸಿದ್ದು ಬೇರೆ. ಮಗನನ್ನು ಕಳೆದುಕೊಂಡ ಈ ಪೊಲೀಸ್ ಪತ್ತೇದಾರಿಣಿ ಏಳು ಕಂತುಗಳುದ್ದಕ್ಕೂ ಊರಿನವರ ಜಗಳ ಬಿಡಿಸುತ್ತಾಳೆ, ಸಿಕ್ಕಿದ್ದನ್ನು ತಿನ್ನುತ್ತಾಳೆ, ಕುಂಟುತ್ತ ನಡೆಯುತ್ತಾಳೆ. ದುಃಖಕ್ಕೆ ಪುರುಸೊತ್ತೇ ಕೊಡುವುದಿಲ್ಲ. ಅತ್ತು ತೋರಿಸಿದ್ದರೆ ಸುಲಭವಾಗುತ್ತಿತ್ತು. ಈ ಹೆಂಗಸಿಗೆ ಮೂಲ ದಾಖಲೆಯೇ ಇಲ್ಲ. ಆಕೆ ನಿಜವೆನ್ನಲು ನಟಿಯ ಮೈಯೊಂದೇ ಸಾಕ್ಷಿ.

ಈ ವಿಭಾಗದ ಲೆಕ್ಕಪದ್ಧತಿಯೂ ತಮಾಷೆಯದು. 2017ರಲ್ಲಿ ನಿಕೋಲ್ ಕಿಡ್ಮನ್ ಗೆದ್ದ 'ಬಿಗ್ ಲಿಟಲ್ ಲೈಸ್' ಮುಗಿದ ಕಿರುಸರಣಿ ಎಂದು ಸ್ಪರ್ಧಿಸಿತು. 2019ರಲ್ಲಿ ಎರಡನೆಯ ಭಾಗ ಬಂತು. ಒಂದೇ ಸಲದ ಖರ್ಚು ಎಂದು ತೋರಿಸಿದ್ದು ಮತ್ತೆ ಬಂದಂತೆ.

ಇಷ್ಟು ಗೊಣಗುವಾಗ 'ಗೃಹಭಂಗ' ಧಾರಾವಾಹಿ ನೆನಪಾಗುತ್ತದೆ. ಭೈರಪ್ಪನವರ ಕಾದಂಬರಿ, ಗಿರೀಶ ಕಾಸರವಳ್ಳಿಯವರ ನಿರ್ದೇಶನ, ನಂಜಮ್ಮನಾಗಿ ಮಾಳವಿಕಾ. ಅದೇ ನಿರ್ದೇಶಕರ 'ಗುಲಾಬಿ ಟಾಕೀಸ್' ಚಿತ್ರಕ್ಕೆ ಉಮಾಶ್ರೀಯವರು ರಾಷ್ಟ್ರಪ್ರಶಸ್ತಿ ಪಡೆದರು, ಸಲ್ಲಬೇಕಾದದ್ದೇ. ನಂಜಮ್ಮನೂ ಎಂಥ ಪಾತ್ರ! ಆದರೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯ ಪುಸ್ತಕದಲ್ಲಿ ಧಾರಾವಾಹಿಯ ನಾಯಕಿಗೆ ಕಾಲಮ್ಮೇ ಇಲ್ಲ.